ಚೌಕದ ಅಂಚಿನ ಗೋದಾಬಾಯಿ

ಕಾಚಿಗೂಡ ಸ್ಟೇಶನ್ನಿನಿಂದ ಹೊರಬಿದ್ದು, ಲಾಡ್ಜುಗಳ ಸಾಲು ದಾಟಿ ಮುಂದೆ ಬಂದರೆ ಒಂದು ಮಿಠಾಯಿ ಅಂಗಡಿ. ಅದರ ಮೇಲಿನ ಮಾಳಿಗೆಯಲ್ಲಿ ಜಯತೀರ್ಥನ ಫೋಟೋ ಸ್ಟುಡಿಯೋ, ಅದಕ್ಕೆ ಹೊಂದಿಕೊಂಡೇ ಹಿಂದೆ ಮನೆ. ಬೋರ್ಡಿನ ಮೇಲೆ ತೆಲುಗು, ಉರ್ದು, ಇಂಗ್ಲಿಷು ಮೂರೂ ಇದ್ದವು. ಕನ್ನಡಕ್ಕೆ ಜಾಗ ಉಳಿದಿರಲಿಲ್ಲ. ಆದರೆ ಒಳಗೆ ಕಾಲಿಟ್ಟರೆ ಕಿವಿಗೆ ಬೀಳುತ್ತಿದ್ದುದೆಲ್ಲ ರಾಯಚೂರು ಸೀಮೆಯ ಮಾತೇ. ಗಿರಾಕಿಗಳಿಗೆ ಜಯತೀರ್ಥ ಒಬ್ಬನೇ ಕಾಣುತ್ತಿದ್ದ. ಪರದೆಯ ಹಿಂದಿನ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಕೆಳಗೆ ನಿಂತು ಆ ಫೋಟೋಗಳನ್ನೆಲ್ಲ ಕಾಗದಕ್ಕೆ ಇಳಿಸುತ್ತಿದ್ದವಳು ಅವನ ತಂಗಿ ಗೋದಾಬಾಯಿ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಜಯತೀರ್ಥನೇ ನೋಡಿಕೊಂಡಿದ್ದ. ಧಾರೆಯ ಫೋಟೋ, ಆರತಿಯ ಫೋಟೋ, ಸೀಮಂತದ ಫೋಟೋ ಎಲ್ಲವೂ ಮೊದಲು ಒಬ್ಬ ವಿಧವೆಯ ಕೈಯಲ್ಲಿ ಹುಟ್ಟುತ್ತವೆ ಎಂದು ತಿಳಿದರೆ ನಮ್ಮ ಜನ ಆ ಮೆಟ್ಟಿಲು ಹತ್ತಿಯಾರೇ?

ಗೋದಾಬಾಯಿಗೆ ಮದುವೆಯಾದದ್ದು ಹದಿನೇಳಕ್ಕೆ. ಗಂಡ ವಿಷಮಜ್ವರ ಬಂದು ತೀರಿಕೊಂಡಾಗ ಅವಳಿಗೆ ಅವನ ಮುಖ ಇನ್ನೂ ಸರಿಯಾಗಿ ರೂಢಿಯಾಗಿರಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಬಂದ ಕೆಲವೇ ವರ್ಷಕ್ಕೆ ಅತ್ತಿಗೆಯೂ ಹೋದಳು, ಎಳೆಯ ವನಜಾಳನ್ನು ಬಿಟ್ಟು. ಮನೆಗೊಬ್ಬ ಹೆಂಗಸು ಬೇಕಿತ್ತು, ಕೂಸಿಗೊಬ್ಬ ತಾಯಿ ಬೇಕಿತ್ತು, ಕತ್ತಲೆಕೋಣೆಗೆ ಒಂದು ಜೊತೆ ಕೈ ಬೇಕಿತ್ತು. ಮೂರಕ್ಕೂ ಒಬ್ಬಳೇ ಸಿಕ್ಕಳು. ಇಂಥ ಲಾಭ ಎಲ್ಲರಿಗೂ ಸಿಗುವುದಿಲ್ಲ ಬಿಡಿ.

ಜಯತೀರ್ಥನ ಕ್ಯಾಮೆರಾಕ್ಕೆ ಎರಡು ಕಣ್ಣು, ಒಂದರ ಮೇಲೊಂದು. ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಆ ಗಾಜೂ ಚೌಕ, ಒಳಗಿನ ಫಿಲ್ಮಿನ ಮೇಲೆ ಬೀಳುವ ಚಿತ್ರವೂ ಚೌಕ. ಆದರೆ ಗಿರಾಕಿಗೆ ಕೊಡುವ ಫೋಟೋ ಚೌಕವಲ್ಲ. ಗೋಡೆಗೆ ತೂಗುಹಾಕಲು ಅಡ್ಡ ಉದ್ದವಿರಬೇಕು. ಅಂದಮೇಲೆ ಚೌಕದ ಒಂದಷ್ಟು ಭಾಗ ಕಡ್ಡಾಯವಾಗಿ ಹೊರಗೆ ಹೋಗಲೇಬೇಕು. ಇದನ್ನೇ ಜಯತೀರ್ಥ ತನ್ನ ಕಸುಬಿನ ಗುಟ್ಟು ಮಾಡಿಕೊಂಡಿದ್ದ. ಗುಂಪಿನ ಫೋಟೋ ತೆಗೆಯುವಾಗ ಬೇಕಾದ್ದಕ್ಕಿಂತ ಹಿಂದೆ ಸರಿದು ನಿಲ್ಲುತ್ತಿದ್ದ. ಮೇಲೆ ಚಪ್ಪರ, ಕೆಳಗೆ ನೆಲ, ಎಡಕ್ಕೂ ಬಲಕ್ಕೂ ಧಾರಾಳ ಜಾಗ. ಬಂದವರನ್ನೆಲ್ಲ, "ಬರ್ರಿ ಬರ್ರಿ, ಎಲ್ಲಾರೂ ಬರ್ರಿ, ಭಾಳ ಜಾಗಾ ಅದ" ಎಂದು ಕರೆದು ನಿಲ್ಲಿಸುತ್ತಿದ್ದ. ನಿಲ್ಲಿಸುವಾಗ ಮಾತ್ರ ಅವನಿಗೆ ಒಂದು ಲೆಕ್ಕವಿರುತ್ತಿತ್ತು. ಬೋಳು ಹಣೆಯ ಮುದುಕಿ, ಮನೆಯಲ್ಲಿ ಯಾರಿಗೂ ಬೇಡವಾದ ಮೈದುನ, ಗಂಡ ಬಿಟ್ಟು ಬಂದ ಅಕ್ಕ, ಇಂಥವರೆಲ್ಲ ಹೇಗೋ ಅಂಚಿಗೇ ಹೋಗಿ ನಿಲ್ಲುತ್ತಿದ್ದರು. ಅವರಿಗೂ ಗೊತ್ತಿಲ್ಲದಂತೆ ಅವನೇ ಅವರನ್ನು ಅಲ್ಲಿಗೆ ತಲುಪಿಸಿರುತ್ತಿದ್ದ.

ಮುಂದಿನ ವಾರ ಆ ಮನೆಯ ಯಜಮಾನರು ಸ್ಟುಡಿಯೋಕ್ಕೆ ಬಂದು, ದನಿ ತಗ್ಗಿಸಿ, "ಆ ಕಡೀಲಿದ್ದದ್ದು ಜರಾ ತೆಗೆದುಬಿಡ್ರಿ, ಶುಭಕಾರ್ಯದ ಫೋಟೋ ನೋಡ್ರಿ" ಎನ್ನುತ್ತಿದ್ದರು. "ಆಗಲಿ ರಿ" ಎನ್ನುತ್ತಿದ್ದ ಜಯತೀರ್ಥ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. "ಚೌಕದಾಗ ಯಾರಿಗೂ ಬ್ಯಾಡ ಅನಬೇಕಾಗಂಗಿಲ್ಲ ಗೋದಾ," ಎಂದು ತಂಗಿಯ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದ. ಬೇಡ ಅನ್ನುವ ಕೆಲಸ ಕತ್ತಲೆಕೋಣೆಗೆ ಬರುತ್ತಿತ್ತು. ಮೇಲಿನ ದೀಪ ಹಾಕಿದರೆ ಫಿಲ್ಮಿನ ಚಿತ್ರ ದೊಡ್ಡದಾಗಿ ಕೆಳಗಿನ ಕಾಗದದ ಮೇಲೆ ಬೀಳುತ್ತದೆ; ಆ ಕಾಗದವನ್ನು ಒತ್ತಿ ಹಿಡಿಯುವ ಮಣೆಗೆ ಕಬ್ಬಿಣದ ಪಟ್ಟಿಗಳಿರುತ್ತವೆ. ಅವನ್ನು ಒಂದಿಷ್ಟು ಒಳಗೆ ಸರಿಸಿದರೆ ಸಾಕು, ಅಂಚಿನಲ್ಲಿ ನಿಂತವರು ಕಾಗದದ ಮೇಲೆ ಬೀಳುವುದಿಲ್ಲ. ಪಟ್ಟಿಯ ಮೇಲೆ ಬೀಳುತ್ತಾರೆ. ಕರೀ ಬಣ್ಣ ಬಳಿದ ಆ ಪಟ್ಟಿಯ ಮೇಲೆ ಅವರ ಮುಖ ಮಸುಕಾಗಿ ಒಂದು ಗಳಿಗೆ ನಿಂತು, ದೀಪ ಆರಿಸಿದ ಕೂಡಲೇ ಹೋಗುತ್ತದೆ. ಹಾಗೆ ಹೋದ ಎಷ್ಟೋ ಹೆಂಗಸರನ್ನು ಗೋದಾಬಾಯಿ ಒಬ್ಬಳೇ ನೋಡಿದ್ದಳು. ಹೊಸ ಸೀರೆ ಉಟ್ಟಿರುತ್ತಿದ್ದರು. ಕೆಲವರು ನಗುತ್ತಿದ್ದರು ಕೂಡ.

ತನ್ನನ್ನೂ ಅವಳೇ ಕತ್ತರಿಸಿಕೊಂಡಿದ್ದಳು. ಅತ್ತಿಗೆ ತೀರಿದ ಮರುವರ್ಷ, ದಸರೆಗೆ ಮನೆಮಂದಿಯೆಲ್ಲ ಸೇರಿದಾಗ ಜಯತೀರ್ಥ ಒಂದು ಫೋಟೋ ತೆಗೆದಿದ್ದ. ಸಾಲಿನ ಕೊನೆಗೆ ವನಜಾ, ಅವಳ ಆಚೆಗೆ, ಅಂಚಿನಲ್ಲಿ, ಮಗುವಿನ ಭುಜದ ಮೇಲೆ ಕೈ ಇಟ್ಟುಕೊಂಡು ಗೋದಾಬಾಯಿ. ಅದನ್ನು ಅಚ್ಚು ಹಾಕುವಾಗ ಯಾರೂ ಅವಳಿಗೆ ತೆಗೆ ಎಂದು ಹೇಳಿರಲಿಲ್ಲ. ರೂಢಿಯ ಕೈ ತಾನಾಗಿಯೇ ಪಟ್ಟಿ ಸರಿಸಿತು. ಆದರೆ ಒಂದು ಪೇಚಾಯಿತು. ಮೈ ಹೋಯಿತು, ಮುಖ ಹೋಯಿತು, ಮಗುವಿನ ಭುಜದ ಮೇಲಿದ್ದ ಕೈ ಮಾತ್ರ ಹೋಗಲೊಲ್ಲದು. ಅದನ್ನು ತೆಗೆಯಲು ಹೋದರೆ ಹುಡುಗಿಯೂ ಅರ್ಧ ಹೋಗುತ್ತಾಳೆ. ಕೊನೆಗೆ ಹಾಗೆಯೇ ಬಿಟ್ಟಳು.

ಆ ಫೋಟೋ ಪಡಸಾಲೆಯ ಗೋಡೆಯ ಮೇಲೆ ತೂಗಿತು. ವನಜಾ ಸ್ವಲ್ಪ ದೊಡ್ಡವಳಾದ ಮೇಲೆ ಒಂದು ದಿನ ಸ್ಟೂಲು ಹತ್ತಿ ಅದನ್ನು ನೋಡುತ್ತ, "ಅತ್ಯಾ, ನನ್ನ ಮ್ಯಾಲೆ ಇದ್ಯಾರ ಕೈ?" ಎಂದು ಕೇಳಿದಳು.

"ಯಾರದೋ. ಇಳಿ ಕೆಳಗ, ಬೀಳ್ತಿ" ಎಂದಳು ಗೋದಾಬಾಯಿ.

ಹುಡುಗಿ ಇಳಿಯಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಆ ಕೈಯನ್ನು ಮುಟ್ಟಿದಳು, ಆಮೇಲೆ ಕೆಳಗೆ ನಿಂತ ಅತ್ತೆಯ ಕೈಯನ್ನು ನೋಡಿದಳು.  ಮುಂದೆ ಮನೆಯಲ್ಲಿ ಎಷ್ಟೋ ಫೋಟೋ ಆದವು. ಪ್ರತಿ ಸಲ ವನಜಾ ಸಾಲಿನ ಕೊನೆಗೇ ಹೋಗಿ ನಿಲ್ಲುತ್ತಿದ್ದಳು, ಪ್ರತಿ ಸಲವೂ ಒಂದು ಕೈ ಉಳಿಯುತ್ತಿತ್ತು.

ಎಪ್ಪತ್ತರ ದಶಕದ ನಡುವಿಗೆ ಬಂದಾಗ ಜಯತೀರ್ಥ ಇನ್ನೊಂದು ಕ್ಯಾಮೆರಾ ತಂದ. ಪುಸ್ತಕದಂತೆ ಮಡಿಚುವ ಕ್ಯಾಮೆರಾ, ಬಿಚ್ಚಿದರೆ ಚರ್ಮದ ತಿದಿ ಹೊರಬರುತ್ತಿತ್ತು. ಫಿಲ್ಮ್ ಅದೇ, ಆದರೆ ಇದರಲ್ಲಿ ಚೌಕವಿಲ್ಲ. ಚೌಕದ ಒಂದು ಮಗ್ಗುಲು ಕುಯ್ದಂಥ ಸಣ್ಣ ಚಿತ್ರ. ನೆಟ್ಟಗೆ ಹಿಡಿದರೆ ನಿಂತ ಚಿತ್ರ, ಮಗ್ಗುಲಾಗಿ ಹಿಡಿದರೆ ಅಡ್ಡ ಚಿತ್ರ. ಹನ್ನೆರಡು ಬರುತ್ತಿದ್ದ ಫಿಲ್ಮಿನಲ್ಲಿ ಹದಿನಾರು. ಫಿಲ್ಮ್ ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ಮೇಲಾಗಿ ಈ ಅಡ್ಡ ಚಿತ್ರ ಗೋಡೆಯ ಫೋಟೋದ ಕಾಗದಕ್ಕೆ ಅಳತೆ ತೆಗೆದು ಹೊಲಿಸಿದಂತೆ ಕೂಡುತ್ತಿತ್ತು; ಏನನ್ನೂ ಬಿಡಬೇಕಾಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಸಣ್ಣ ಚಿತ್ರವಾದ್ದರಿಂದ ಹಿಂದೆ ಸರಿದು ನಿಂತರೆ ಮುಖಗಳು ಸಾಸಿವೆ ಕಾಳಾಗುತ್ತಿದ್ದವು. ಮಂದಿಯನ್ನು ಅಂಚಿನಿಂದ ಅಂಚಿಗೆ ಬಿಗಿಯಾಗಿ ತುಂಬಿಸಬೇಕು. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಅಲ್ಲೇ, ಎಲ್ಲರೂ ನೋಡುತ್ತಿರುವಾಗಲೇ ಇತ್ಯರ್ಥ ಮಾಡಬೇಕು.

ಮೊದಲ ಸಲ ಆ ಕ್ಯಾಮೆರಾ ಒಯ್ದದ್ದು ಸನತ್‌ನಗರಕ್ಕೆ, ಕಾರ್ಖಾನೆಯೊಂದರ ಫಿಟ್ಟರ್ ಚನ್ನಬಸಪ್ಪನ ಮಗನ ಮದುವೆಗೆ. ಅಂದು ಮಧ್ಯಾಹ್ನ ಮನೆಗೆ ಬಂದ ಜಯತೀರ್ಥ ಕೈಕಾಲು ತೊಳೆಯದೆ ಪಡಸಾಲೆಯಲ್ಲಿ ಕೂತುಬಿಟ್ಟ. ಊಟಕ್ಕೆ ಏಳಲಿಲ್ಲ. ಗೋದಾಬಾಯಿ ಬಿಡದೆ ಕೇಳಿದಾಗ ಹೇಳಿದ.

"ಚನ್ನಬಸಪ್ಪನ ತಾಯಿ ಗಂಗೂಬಾಯಿ ಅಂತ, ಗಂಡ ಹೋದಾಕಿ. ಮೊಮ್ಮಗನ ಬಾಜೂಕ ಬಂದು ನಿಂತಿದ್ದಳು. ಚನ್ನಬಸಪ್ಪ ನನಗ ಕಣ್ಣಸನ್ನಿ ಮಾಡಿದ. ಕ್ಯಾಮೆರಾದಾಗ ನೋಡಿದ್ರ ಎಲ್ಲೂ ಜಾಗಾ ಇಲ್ಲ. 'ಯಮ್ಮಾ, ಜರಾ ಈ ಕಡೆ ಬರ್ರಿ' ಅಂದೆ. ಒಂದು ಹೆಜ್ಜಿ ಸರದಳು. 'ಇನ್ನೂ ಜರಾ' ಅಂದೆ. ಇನ್ನೂ ಸರದಳು. ಹಂಗ ಹೇಳಿ ಹೇಳಿ ಚಪ್ಪರದ ಹೊರಗ ಕಳಿಸಿದೆ ಗೋದಾ. 'ಇಲ್ಲಿ ನಿಂತ್ರ ಕಾಣತೈತೇನಪಾ?' ಅಂತ ಅಲ್ಲಿಂದ ಕೇಳಿದಳು. ಅಕಿಗೆ ಅಷ್ಟೊತ್ತಿಗೆ ತಿಳದಿತ್ತು. ತಿಳದೂ ಕೇಳಿದಳು."

"ನೀ ಏನಂದಿ?"

"ಕಾಣತೀರಿ ಅಂದೆ."

ಗೋದಾಬಾಯಿ ಎದ್ದು ಅನ್ನದ ಪಾತ್ರೆ ಮುಚ್ಚಿದಳು. ಅಣ್ಣನ ಮೇಲೆ ಕರುಣೆಯೂ ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ತನ್ನ ಕೈಯಿಂದ ಮಾಡಿಸಿದ ಕೆಲಸವನ್ನು ಒಂದು ಸಲ ತಾನೇ ಮಾಡಿದ್ದಕ್ಕೆ ಇವನಿಗೆ ಅನ್ನ ಸೇರುತ್ತಿಲ್ಲ.

ಆ ವರ್ಷವೇ ವನಜಾಳ ಮದುವೆ ಗಟ್ಟಿಯಾಯಿತು. ಹುಡುಗ ಪ್ರಾಣೇಶ, ರೇಲ್ವೆಯಲ್ಲಿ ಗುಮಾಸ್ತ, ಮನೆ ಮಲ್ಕಾಜ್‌ಗಿರಿಯಲ್ಲಿ. ಹುಡುಗನ ತಾಯಿ ಕೃಷ್ಣಾಬಾಯಿ ಕೆಟ್ಟ ಹೆಂಗಸಲ್ಲ, ನಗುನಗುತ್ತ ಮಾತಾಡುವಾಕೆ. ನಿಶ್ಚಯದ ದಿನ ಉಂಡಿ ತಿನ್ನುತ್ತ, ನಗುನಗುತ್ತಲೇ ಹೇಳಿದರು: "ನಮ್ಮಲ್ಲಿ ಶಾಸ್ತ್ರ ಎಲ್ಲಾ ಬರೋಬ್ಬರಿ ಆಗಬೇಕು ನೋಡ್ರಿ. ಫೋಟೋದಾಗೂ ಅಷ್ಟ. ಮುತ್ತೈದೇರು ನಿಂತರನ ಲಕ್ಷಣ." ಒಳಗೆ ಒಲೆಯ ಮುಂದಿದ್ದ ಗೋದಾಬಾಯಿಗೆ ಅದು ಕೇಳಿಸಿತು. ಕೇಳಿಸಲೆಂದೇ ಹೇಳಿದ್ದೂ ಇರಬಹುದು.

ಮದುವೆಗೆ ಕೆಲವೇ ದಿನ ಉಳಿದಾಗ ಜಯತೀರ್ಥ ಕತ್ತಲೆಕೋಣೆಯ ಬಾಗಿಲಿಗೆ ಬಂದು ನಿಂತ. "ಗೋದಾ, ವನಜಾನ ಮದವಿಗೆ ಹಳೇ ಕ್ಯಾಮೆರಾನ ಇರಲಿ ಅಂತೀನಿ. ಚೌಕದಾಗ ಎಲ್ಲಾರೂ ಹಿಡಸ್ತಾರ."

"ಎಲ್ಲಾರೂ ಅಂದ್ರ ನಾನು."

ಜಯತೀರ್ಥ ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತ ನಿಂತ.

"ನಿಂದರಸ್ತಿ, ಖರೆ. ಆಮ್ಯಾಲ ಪಟ್ಟಿ ಸರಸೋವ್ರು ಯಾರು? ನಾನ. ಇಷ್ಟು ವರ್ಷ ಸರಸೀನಿ ಅಣ್ಣಾ, ಈ ಸಲ ಆಗಂಗಿಲ್ಲ. ಅಕೀನ್ನ ನಾ ಬೆಳಸೀನಿ. ಅಕಿ ಮದವಿ ಫೋಟೋದಾಗಿಂದ ನನ್ನ ನಾನ ತೆಗಿ ಅಂದ್ರ ಹೆಂಗ ತೆಗೀಲಿ? ಹೊಸಾ ಕ್ಯಾಮೆರಾ ತೊಗೊ. ನಾ ಅಕಿ ಬಾಜೂಕ ನಿಂದರಬೇಕಂದ್ರ, ಬಾ ಅನ್ನು. ಬ್ಯಾಡಂದ್ರ ಎಲ್ಲಾರ ಮುಂದ ಬ್ಯಾಡ ಅನ್ನು. ಗಂಗೂಬಾಯಿಗೆ ಹೇಳಿದಿ, ನನಗ ಹೇಳಲಿಕ್ಕೆ ಆಗಂಗಿಲ್ಲೇನು?"

ಜೀವಮಾನದಲ್ಲಿ ಅವಳು ಅಣ್ಣನ ಎದುರು ಇಷ್ಟು ಮಾತಾಡಿದ್ದು ಅದೇ ಮೊದಲು.  ಜಯತೀರ್ಥ "ನೋಡೋಣು" ಎಂದು ಹೋದ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಗೋದಾಬಾಯಿಗೆ ಅಂದಿನಿಂದ ಒಂದೇ ಯೋಚನೆ. ಬಾ ಅನ್ನುತ್ತಾನೋ, ಬೇಡ ಅನ್ನುತ್ತಾನೋ. ಟ್ರಂಕಿನ ತಳದಿಂದ ಒಂದು ಬೂದುಬಣ್ಣದ ರೇಷ್ಮೆ ತೆಗೆದು ಬಿಸಿಲಿಗೆ ಹಾಕಿದಳು. ಮತ್ತೆ ಮಡಿಚಿ ಒಳಗಿಟ್ಟಳು. ಮದುವೆಯ ದಿನ ಉಟ್ಟಳು.

ಮದುವೆ ಅವರ ಮನೆಯ ಹತ್ತಿರದ ಕಲ್ಯಾಣಮಂಟಪದಲ್ಲಿ ನಡೆಯಿತು. ಜಯತೀರ್ಥನಿಗೆ ಹೆಂಡತಿ ಇಲ್ಲದ್ದರಿಂದ ಧಾರೆ ಎರೆಯುವಂತಿರಲಿಲ್ಲ. ದಾಯಾದಿ ತಮ್ಮ ನರಹರಿ ಮತ್ತು ಅವನ ಹೆಂಡತಿ ಕೂತು ಎರೆದರು. ಹೀಗಾಗಿ ಹುಡುಗಿಯ ತಂದೆ ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತನ್ನ ಮಗಳ ಮದುವೆಯಲ್ಲಿ ತಾನೇ ಫೋಟೋದವನಾಗಿ ಓಡಾಡಿದ. ಗೋದಾಬಾಯಿ ಉಗ್ರಾಣದ ಬಾಗಿಲಲ್ಲಿ ಕೂತು ಅಕ್ಷತೆ ಬೀಳುವುದನ್ನು ದೂರದಿಂದ ನೋಡಿದಳು.

ಊಟಕ್ಕೆ ಮುಂಚೆ ಎಲ್ಲರನ್ನೂ ಅಂಗಳದ ಬೆಳಕಿಗೆ ಕರೆದರು. ನಡುವೆ ವನಜಾ ಮತ್ತು ಪ್ರಾಣೇಶ, ಹುಡುಗನ ಕಡೆಗೆ ಕೃಷ್ಣಾಬಾಯಿ ದಂಪತಿ ಮತ್ತು ಮಂದಿ, ಹುಡುಗಿಯ ಕಡೆಗೆ ನರಹರಿ ದಂಪತಿ. ನರಹರಿಗೂ ವನಜಾಳಿಗೂ ನಡುವೆ ಒಬ್ಬರಿಗೆ ಜಾಗ ಬಿಟ್ಟಿದ್ದರು. ವನಜಾ ಕತ್ತು ಹೊರಳಿಸಿ ಉಗ್ರಾಣದ ಕಡೆ ನೋಡಿ, "ಅತ್ಯಾ, ಬಾ" ಎಂದಳು. ಕೃಷ್ಣಾಬಾಯಿ ಜಯತೀರ್ಥನನ್ನು ನೋಡಿ ನಕ್ಕರು. ಗೋದಾಬಾಯಿ ಎದ್ದು ಬಂದು ಅಂಗಳದ ಮಧ್ಯದಲ್ಲಿ ನಿಂತಳು. ಅಣ್ಣನ ಬಾಯನ್ನೇ ನೋಡಿದಳು.

ಜಯತೀರ್ಥ ಕೊರಳಿನಿಂದ ಕ್ಯಾಮೆರಾ ತೆಗೆದು ಅವಳ ಕೈಗೆ ಕೊಟ್ಟ. "ನೀನ ಒಂದು ತೆಗಿ ಗೋದಾ. ನಾನೂ ನಿಂದರತೀನಿ. ಬೆಳಕು ನೆಳ್ಳು ನಿನಗ ಛಲೋ ತಿಳೀತದ."

ಸಾಲಿನಲ್ಲಿ ಎಲ್ಲರಿಗೂ ನಿರಾಳವಾಯಿತು. "ಛಲೋ ಆತಲ್ಲ," ಎಂದರು ಕೃಷ್ಣಾಬಾಯಿ. ಕ್ಯಾಮೆರಾದ ಹಿಂದೆ ನಿಲ್ಲುವವರ ಬಗ್ಗೆ ಶಾಸ್ತ್ರದಲ್ಲಿ ಏನೂ ಇಲ್ಲವಲ್ಲ! ಜಯತೀರ್ಥ ಬಾ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ; ಮರ್ಯಾದೆ ಮಾಡಿದವನ ಹಾಗೆ ಮುಖ ಮಾಡಿಕೊಂಡು ಹೋಗಿ ಮಗಳ ಪಕ್ಕದ ಆ ಖಾಲಿ ಜಾಗದಲ್ಲಿ ನಿಂತುಬಿಟ್ಟ.

ಗೋದಾಬಾಯಿ ಕ್ಯಾಮೆರಾ ಮಗ್ಗುಲಾಗಿಸಿ ಕಣ್ಣಿಗೆ ಹಿಡಿದಳು. ಚೌಕದ ಕ್ಯಾಮೆರಾದಲ್ಲಿ ತಲೆ ತಗ್ಗಿಸಿ ನೋಡಬೇಕಿತ್ತು, ಇದರಲ್ಲಿ ನೇರ ನೋಡಬೇಕು. ಅದರ ಪುಟ್ಟ ಕಿಟಕಿಯೊಳಗೆ ಎಲ್ಲರೂ ಬಿಗಿಯಾಗಿ ಹಿಡಿಸಿದರು, ಅಂಚಿಗೆ ಅಂಚು. ನೋಡುತ್ತ ನೋಡುತ್ತ ಅವಳಿಗೆ ಕಂಡದ್ದು ಒಂದೇ. ಗಂಡ ಸತ್ತವಳು ಹೊರಗೆ, ಹೆಂಡತಿ ಸತ್ತವನು ನಡುಮಧ್ಯ. ಧಾರೆ ಎರೆಯಲು ಆಗದವನು ಫೋಟೋಕ್ಕೆ ಆಗುತ್ತಾನೆ. ಅವಳಿಗೆ ಮೈಯೆಲ್ಲ ಉರಿಯಿತು.

"ಅಣ್ಣಾ, ಜರಾ ಈ ಕಡೆ ಬಾ."

ಜಯತೀರ್ಥ ಮಗಳ ಕಡೆಗೆ ಒತ್ತಿ ನಿಂತ.

"ಆ ಕಡೆ ಅಲ್ಲ. ಹೊರಗ."

"ಹಾಂ?"

"ಜೋಡಿ ಇದ್ದವರು ನಿಂದರೋ ಫೋಟೋ ಇದು. ನಮ್ಮಿಬ್ಬರ ಜಾಗಾ ಇತ್ತಾಗ. ಇನ್ನೂ ಜರಾ ಬಾ. ಇನ್ನೂ ಜರಾ."

 ಆ ಮಾತು ಎಲ್ಲಿಂದ ಬಂದದ್ದೆಂದು ಜಯತೀರ್ಥನೊಬ್ಬನಿಗೇ ಗೊತ್ತಾಯಿತು.  ಒಂದೊಂದೇ ಹೆಜ್ಜೆ ಇಟ್ಟು ಸಾಲಿನಿಂದ ಹೊರಬಂದು ತಂಗಿಯ ಹಿಂದೆ ನಿಂತ. ಅವನು ಬಿಟ್ಟುಬಂದ ಜಾಗ ಹಾಗೇ ಉಳಿಯಿತು. ಗೋದಾಬಾಯಿ ಯಾರಿಗೂ ಅದರೊಳಗೆ ಸರಿಯಿರಿ ಎನ್ನಲಿಲ್ಲ. ಗುಂಡಿ ಒತ್ತಿದಳು.

ಒತ್ತಿದ ಮರುಕ್ಷಣ ಕ್ಯಾಮೆರಾ ಕೆಳಗಿಳಿಸಿದಳು. ಇದೇನು ಮಾಡಿದೆ ನಾನು? ತಾಯಿಯಿಲ್ಲದ ಹುಡುಗಿಗೆ ತಂದೆಯೂ ಇಲ್ಲದ ಫೋಟೋ ಮಾಡಿಟ್ಟೆನಲ್ಲ. ಊಟದಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ. ಸಂಜೆ ಹೆಣ್ಣೊಪ್ಪಿಸಿ ಕೊಡುವಾಗ ವನಜಾ ಅವಳ ಕಾಲಿಗೆ ಬಿದ್ದು ಅತ್ತಳು, ಆದರೆ ಫೋಟೋದ ಮಾತೆತ್ತಲಿಲ್ಲ. ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು. ಎದುರೆದುರು ಕೂತು ಉಂಡರೂ ಗೋಡೆಯ ಕಡೆ ಮುಖ ಮಾಡಿದವರಂತಿದ್ದರು. ಆ ಫಿಲ್ಮ್ ತೊಳೆಯಲು ಅವಳಿಗೆ ಕೈ ಬರಲೇ ಇಲ್ಲ.

ಕೊನೆಗೆ ಮಲ್ಕಾಜ್‌ಗಿರಿಯಿಂದ ಫೋಟೋ ಬೇಕೆಂದು ಹೇಳಿಕಳಿಸಿದರು. ಒಂದು ಮಧ್ಯಾಹ್ನ ಗೋದಾಬಾಯಿ ಕತ್ತಲೆಕೋಣೆಯ ಬಾಗಿಲು ಹಾಕಿಕೊಂಡಳು. ಫಿಲ್ಮ್ ತೊಳೆದು, ಒಣಗಿಸಿ, ಮಣೆಯ ಮೇಲೆ ಕಾಗದ ಇಟ್ಟಳು. ಪಟ್ಟಿ ಸರಿಸುವ ಕೆಲಸವೇ ಇರಲಿಲ್ಲ. ಬೆಳಕು ಬಿಟ್ಟು, ಕಾಗದವನ್ನು ತಟ್ಟೆಯ ಮದ್ದಿನ ನೀರಿಗೆ ಹಾಕಿ ಅಲುಗಿಸಿದಳು. ಮೊದಲು ಪ್ರಾಣೇಶನ ಕಪ್ಪು ಕೋಟು ಮೂಡಿತು. ಆಮೇಲೆ ಹೆಂಗಸರ ತಲೆಗೂದಲು, ಸೀರೆಯ ಅಂಚು, ಮುಖಗಳು. ನರಹರಿಯ ಪಕ್ಕದಲ್ಲಿ ಆ ಬಿಳಿ ಖಾಲಿ ಜಾಗ. ಅದರ ಪಕ್ಕದಲ್ಲಿ ವನಜಾ.

ವನಜಾಳ ಒಂದು ಕೈ ಹಾರದ ಕೆಳಗಿತ್ತು. ಇನ್ನೊಂದು ಕೈಯನ್ನು ಎದೆಯ ಅಡ್ಡ ತಂದು, ಖಾಲಿ ಜಾಗದ ಕಡೆಗಿದ್ದ ತನ್ನ ಭುಜದ ಮೇಲೆ ತಾನೇ ಇಟ್ಟುಕೊಂಡಿದ್ದಳು. ಬಳೆ ತುಂಬಿದ ಆ ಕೈ ಭುಜವನ್ನು ಗಟ್ಟಿಯಾಗಿ ಹಿಡಿದಿತ್ತು. ಕ್ಯಾಮೆರಾದ ಪುಟ್ಟ ಕಿಟಕಿಯಲ್ಲಿ ಗೋದಾಬಾಯಿಗೆ ಅದು ಕಂಡಿರಲಿಲ್ಲ.

"ಅಣ್ಣಾ" ಎಂದು ಕರೆದಳು. ದನಿ ಕೇಳಿ ಜಯತೀರ್ಥ ಓಡಿಬಂದ. ಕೆಂಪು ಬೆಳಕಿನಲ್ಲಿ ಬಗ್ಗಿ ನೋಡಿದ.  ಆಮೇಲೆ ಪಡಸಾಲೆಗೆ ಹೋಗಿ ಗೋಡೆಯ ಮೇಲಿನ ಹಳೆಯ ದಸರೆಯ ಫೋಟೋದ ಮುಂದೆ ನಿಂತು, ಹೆಂಡತಿ ಸತ್ತಾಗ ಅತ್ತಂತೆ ಅತ್ತ.

ಫೋಟೋ ಒಯ್ದ ಕೃಷ್ಣಾಬಾಯಿ ಎರಡೇ ದಿನಕ್ಕೆ ಅದನ್ನು ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದರು. ಬೇರೆ ಗಿರಾಕಿಗಳೂ ಇದ್ದರು, ಎಲ್ಲ ನಮ್ಮ ಕಡೆಯವರೇ. "ಬೀಗರ, ಉಳಿದದ್ದು ಇರಲಿ. ಈ ಕೈ ಯಾಕ ಹಿಂಗ ಇಟ್ಟಾಳ ಹುಡುಗಿ? ನೋಡಿದವರೆಲ್ಲ ಕೇಳ್ತಾರ. ಅಷ್ಟು ತೆಗೆದು ಬ್ಯಾರೇದು ಮಾಡಿಕೊಡ್ರಿ."

ಪರದೆ ಸರಿಯಿತು. ಒದ್ದೆ ಕೈ ಸೆರಗಿಗೆ ಒರೆಸುತ್ತ ಗೋದಾಬಾಯಿ ಹೊರಗೆ ಬಂದಳು. ಗಿರಾಕಿಗಳಿರುವಾಗ ಅವಳು ಹಾಗೆ ಬಂದದ್ದು ಅದೇ ಮೊದಲು. "ತೆಗೀಲಿಕ್ಕೆ ಬರಂಗಿಲ್ಲರಿ. ಕೈ ತೆಗೆದ್ರ ಹುಡುಗೀನೂ ಹೋಗ್ತಾಳ."

ಕೃಷ್ಣಾಬಾಯಿ ಜಯತೀರ್ಥನ ಕಡೆ ತಿರುಗಿದರು. ಯಾವತ್ತೂ "ಆಗಲಿ ರಿ" ಎನ್ನುವ ಮನುಷ್ಯ. ಅವನು ಬೆವರು ಒರೆಸಿಕೊಂಡ.

"ಅಕಿ ಹೇಳಿದ್ದ ಖರೆ. ಇಲ್ಲಿ ಫೋಟೋ ಮಾಡೋಕೀನ ಅಕಿ. ನಿಮ್ಮ ಮನೀದು, ಇವರ ಮನೀದು, ಎಲ್ಲಾರ ಮದವಿ ಫೋಟೋನೂ ಅಕಿ ಕೈಲೆ ಆದದ್ದು."

ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುದ್ದಿ ಹಬ್ಬಲು ಎಷ್ಟು ಹೊತ್ತು! ಆ ಚಳಿಗಾಲದ ಲಗ್ನಗಳಿಗೆ ನಮ್ಮವರು ಬೇರೆ ಸ್ಟುಡಿಯೋ ಹುಡುಕಿಕೊಂಡರು. ಮಾಳಿಗೆಯ ಮೆಟ್ಟಿಲ ಮೇಲೆ ಧೂಳು ಕೂತಿತು. ಜಯತೀರ್ಥ ಪಾಸ್‌ಪೋರ್ಟ್ ಫೋಟೋ, ಕಾಲೇಜು ಹುಡುಗರ ಫೋಟೋ ತೆಗೆದು ದಿನ ದೂಡಿದ. ಮಾಡಿದ್ದು ಸರಿಯೋ ತಪ್ಪೋ ಎಂದು ಗೋದಾಬಾಯಿ ಆಮೇಲೂ ಎಷ್ಟೋ ಸಲ ಕೇಳಿಕೊಂಡಳು. 

ಫೋಟೋ ಮಾತ್ರ ಮಲ್ಕಾಜ್‌ಗಿರಿಯ ಮನೆಯ ಗೋಡೆಗೆ ಬಂತು, ವನಜಾ ತಾನೇ ಮೊಳೆ ಹೊಡೆದು ಹಾಕಿದಳು. ಬಂದುಹೋದವರೆಲ್ಲ ಆ ಕೈಯನ್ನು ನೋಡಿ, ಇದೇನು ಹೀಗೆ ನಿಂತಿದ್ದೀ ಎಂದು ಕೇಳುವುದು ತಪ್ಪಲಿಲ್ಲ. ಕೃಷ್ಣಾಬಾಯಿ ಎದುರಿಗಿದ್ದರೂ ವನಜಾ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು:

"ಅದು ನನ್ನ ಕೈ ಅಲ್ಲರಿ. ನಮ್ಮ ಅತ್ಯಾನ ಕೈ."